ಸೋಲುವ ತಂಡದ ಬೌಲರ್: ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ

ಹಾವೇರಿಯಿಂದ ರಾಣೆಬೆನ್ನೂರಿನ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ನಡುವೆ ಮೋಟೆಬೆನ್ನೂರು ಸಿಗುತ್ತದೆ. ಬ್ಯಾಡಗಿ ತಾಲೂಕಿನ ಈ ಊರಿನ ಹೆಸರು ಕೇಳಿದ ಕೂಡಲೇ ನೆನಪಾಗುವವರು ಹುತಾತ್ಮ ಮೈಲಾರ ಮಹಾದೇವಪ್ಪನವರು. 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಗೆ ನಡೆದ ತಂಡದಲ್ಲಿದ್ದ ಕರ್ನಾಟಕದ ಏಕೈಕ ಯುವಕ ಇವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಈ ಲೇಖನ ಅವರ ಕುರಿತಾದುದಲ್ಲ. ಆದರೆ ಮಹಾದೇವಪ್ಪನವರು ಮೋಟೆಬೆನ್ನೂರಿನಲ್ಲಿ ಹುಟ್ಟಿದ್ದು 1911ರ ಜೂನ್ 8ರಂದು. ಆ ಜೂನ್ ತಿಂಗಳಲ್ಲೇ ಅದೇ ಧಾರವಾಡ ಜಿಲ್ಲೆಯಲ್ಲಿ ಹುಟ್ಟಿದ ಇನ್ನೊಬ್ಬ ವ್ಯಕ್ತಿ ಇಂಗ್ಲೆಂಡಿನ ಮೈದಾನಗಳಲ್ಲಿ ದಿನವಿಡೀ ಚೆಂಡೆಸೆಯುತ್ತಿದ್ದರು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು ಎಲ್ಲವೂ ಧಾರವಾಡಕ್ಕೇ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಇಡೀ ಜಿಲ್ಲೆ ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು.

ಆ ಚೆಂಡೆಸೆತಗಾರನ ಹೆಸರು ಪಲ್ವಂಕರ್ ಬಾಲೂ. ಇಂದಿನ ನಮ್ಮ ಯುವಕರಿಗೆ ಈ ಹೆಸರು ಅಪರಿಚಿತ. ಬೇಸಿಗೆ ರಜೆಯಲ್ಲಿ ನಮ್ಮ ಧರ್ಮಕೇಂದ್ರಗಳ ಮೈದಾನಗಳಲ್ಲಿ ನಡೆಯುವ ಕ್ರಿಕೆಟ್ ಪಂದ್ಯಾಟಗಳಲ್ಲಿ ಯಾರನ್ನು ಕೇಳಿದರೂ ಕುಂಬ್ಳೆ, ಶ್ರೀನಾಥ್, ಪ್ರಸನ್ನ, ಚಂದ್ರಶೇಖರ್ ಎಂದು ಪಟಪಟನೆ ಹೇಳುತ್ತಾರೆ. ಇವರೆಲ್ಲರಿಗಿಂತ ಬಹಳ ಮೊದಲು, ಭಾರತಕ್ಕೆ ಟೆಸ್ಟ್ ತಂಡವೇ ಇಲ್ಲದ ಕಾಲದಲ್ಲಿ, ನಮ್ಮ ನೆಲದಲ್ಲಿ ಹುಟ್ಟಿದ ಒಬ್ಬ ಸ್ಪಿನ್ ಬೌಲರ್ ಇಂಗ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತಿದ್ದರು ಎಂಬುದು ತಿಳಿದಿರಬೇಕಾದ ಸಂಗತಿ.

ಕ್ರಿಕೆಟ್ ದಾಖಲೆಗಳ ಪ್ರಕಾರ ಬಾಲೂ ಹುಟ್ಟಿದ್ದು 1876ರ ಮಾರ್ಚ್ 19ರಂದು, ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣ ಸೀಮೆ. ಪಲ್ವಂಕರ್ ಎಂಬ ಅಡ್ಡಹೆಸರು ಅಲ್ಲಿನ ಊರಿನಿಂದ ಬಂದದ್ದು. ಚರ್ಮದ ಕೆಲಸ ಮಾಡುವ, ಅಂದಿನ ಸಮಾಜ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚಮ್ಮಾರ ಜಾತಿಯವರು. ತಂದೆಗೆ ಸೈನ್ಯದಲ್ಲಿ ನೌಕರಿ. ಆದುದರಿಂದ ಕುಟುಂಬ ಪುಣೆಗೆ ಬಂತು. ಅಲ್ಲಿ ಬಾಲೂ ಮತ್ತು ತಮ್ಮ ಶಿವರಾಮ ಬಿಳಿಯ ಅಧಿಕಾರಿಗಳು ಆಡಿ ಬಿಸಾಡಿದ ಬ್ಯಾಟು ಚೆಂಡುಗಳಿಂದ ಆಟ ಕಲಿತರು. ಮುಂದೆ ವಿಠ್ಠಲ, ಗಣಪತ ಎಂಬ ಇನ್ನಿಬ್ಬರು ತಮ್ಮಂದಿರೂ ಕ್ರಿಕೆಟಿಗರಾದರು. ಒಂದೇ ಮನೆಯ ನಾಲ್ವರು!

ಬಾಲೂ ಅವರ ಮೊದಲ ಕೆಲಸ ಪುಣೆಯ ಪಾರಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಸದಸ್ಯರು ಅಭ್ಯಾಸಕ್ಕೆ ಬಂದಾಗ ಒಂದಿಷ್ಟು ಚೆಂಡೆಸೆಯುವುದು. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿ ಆಯಿತು. ಅಲ್ಲಿಯೂ ಅದೇ ದುಡಿಮೆ: ಬಲೆ ಕಟ್ಟುವುದು, ಮೈದಾನ ಸಜ್ಜುಗೊಳಿಸುವುದು, ಗೆರೆ ಎಳೆಯುವುದು. ಟ್ರಾಸ್ ಎಂಬ ಆಂಗ್ಲ ಸದಸ್ಯರು ಒಂದು ದಿನ ಬೌಲಿಂಗ್ ಮಾಡಲು ಹೇಳಿದರು. ಎಡಗೈಯ ನಿಧಾನಗತಿಯ ಸ್ಪಿನ್. ಬಾಲೂ ಅವರ ಕಸುಬು ಅಲ್ಲಿಂದ ಆರಂಭವಾಯಿತು.

ಆ ಕ್ಲಬ್ಬಿನಲ್ಲಿ ಜೆ.ಜಿ. ಗ್ರೇಗ್ ಎಂಬ ಸೇನಾಧಿಕಾರಿ ಇದ್ದರು. ಆ ಕಾಲದಲ್ಲಿ ಭಾರತದಲ್ಲಿದ್ದ ಬಿಳಿಯ ಬ್ಯಾಟ್ಸ್‌ಮನ್‌ಗಳಲ್ಲಿ ಅವರದೇ ಮೇಲುಗೈ. ಉಳಿದವರು ಬರುವ ಮೊದಲೇ ಮೈದಾನಕ್ಕೆ ಬಂದು ಬಾಲೂ ಎದುರು ಅಭ್ಯಾಸ ಮಾಡುವುದು ಅವರ ರೂಢಿ. ಪ್ರತಿ ಬಾರಿ ತನ್ನನ್ನು ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದರೆಂದು ಹೇಳುತ್ತಾರೆ. ತಿಂಗಳಿಗೆ 4 ರೂಪಾಯಿ ಸಂಬಳವಿದ್ದವನಿಗೆ ಎಂಟು ಬಾರಿ ಗ್ರೇಗ್ ಸಾಹೇಬರ ವಿಕೆಟ್ ಸಿಕ್ಕಿದರೆ ಇನ್ನೊಂದು ತಿಂಗಳ ಸಂಬಳ ಸಿಕ್ಕಿದಂತೆ. ಬಾಲೂ ಅವರ ಗುರಿ ಅಷ್ಟು ಕರಾರುವಾಕ್ಕಾಗಲು ಇದಕ್ಕಿಂತ ಒಳ್ಳೆಯ ಶಾಲೆ ಬೇಕಿರಲಿಲ್ಲ. ಆದರೆ ಗಂಟೆಗಟ್ಟಲೆ ಬೌಲಿಂಗ್ ಮಾಡಿಸಿದ ಆ ಸಾಹೇಬರಲ್ಲಿ ಒಬ್ಬರೂ ಒಂದು ದಿನವೂ ಆತನ ಕೈಗೆ ಬ್ಯಾಟು ಕೊಡಲಿಲ್ಲ. ಬ್ಯಾಟು ಯಜಮಾನರದು, ಚೆಂಡು ಆಳಿನದು ಎಂಬುದು ಆಗಿನ ರೀತಿ.

ಪುಣೆಯ ಹಿಂದೂಗಳ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಆಸೆ ಇತ್ತು. ಅವರಿಗೆ ಬೌಲರ್ ಬೇಕಿತ್ತು. ಬೌಲರ್ ಊರಿನಲ್ಲೇ ಇದ್ದ, ಆದರೆ ಆತನ ಜಾತಿ ಅಡ್ಡ ಬಂತು. ತಂಡದ ತೆಲುಗು ಸದಸ್ಯರು ಸೇರಿಸಿಕೊಳ್ಳೋಣ ಎಂದರು, ಬ್ರಾಹ್ಮಣ ಸದಸ್ಯರು ಹಿಂಜರಿದರು. ಇಂಥವನನ್ನು ಬಿಡುವುದು ಮೂರ್ಖತನ ಎಂಬರ್ಥದಲ್ಲಿ ಗ್ರೇಗ್ ಅವರೇ ಪತ್ರಿಕೆಗೆ ಹೇಳಿದ ಮೇಲೆ ದಾರಿ ಸುಗಮವಾಯಿತು. ಬಾಲೂ ತಂಡಕ್ಕೆ ಬಂದರು. ಆದರೆ ಮೈದಾನದ ಗೆರೆಯ ಒಳಗೆ ಮಾತ್ರ. ಚಹಾ ವಿರಾಮದಲ್ಲಿ ಉಳಿದವರು ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿದರೆ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಲು ಅವರದೇ ಜಾತಿಯ ಆಳು ಮೂಲೆಯಲ್ಲಿ ನೀರು ತಂದಿಡಬೇಕು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕ್ರಿಕೆಟ್ ಚೆಂಡಿನ ಹೊದಿಕೆ ಚರ್ಮದ್ದು. ಬಾಲೂ ಎಸೆದ ಚೆಂಡನ್ನು ವಿಕೆಟ್ ಕೀಪರ್ ಹಿಡಿಯುತ್ತಾನೆ, ಸ್ಲಿಪ್‌ನವನಿಗೆ ಕೊಡುತ್ತಾನೆ, ಅಲ್ಲಿಂದ ಕೈಯಿಂದ ಕೈಗೆ ಸಾಗಿ ಮತ್ತೆ ಬಾಲೂ ಕೈ ಸೇರುತ್ತದೆ. ಹನ್ನೊಂದು ಮಂದಿಯ ಬೆವರೂ ಆ ಚರ್ಮಕ್ಕೆ ಅಂಟಿರುತ್ತದೆ. ಅದರಿಂದ ಯಾರಿಗೂ ಮೈಲಿಗೆ ಆಗಲಿಲ್ಲ. ಚಹಾದ ಬಟ್ಟಲಿನಿಂದ ಮಾತ್ರ ಆಗುತ್ತಿತ್ತು.

ಪುಣೆಯವರು ಸಾತಾರಾಕ್ಕೆ ಹೋದರು. ಅಲ್ಲಿನ ಬಿಳಿಯರ ಜಿಮ್ಖಾನಾ, ಬಾಲೂ ಅವರ ಸ್ಪಿನ್ ತಿರುಗದಂತೆ ಮಾಡಲು ಒಂದು ವಾರ ಪಿಚ್ಚಿನ ಮೇಲೆ ರೋಲರ್ ಓಡಿಸಿತ್ತು. ರೋಲರ್ ಎಳೆದು ಬೆಳೆದವನಿಗೆ ಪಿಚ್ಚಿನ ಗುಟ್ಟು ಗೊತ್ತಿಲ್ಲವೇ? ಬಾಲೂ 7 ವಿಕೆಟ್ ಪಡೆದರು, ಪುಣೆ ಗೆದ್ದಿತು. ಹಿಂತಿರುಗಿದ ಮೇಲೆ ನಡೆದ ಸನ್ಮಾನದಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು, ಜೊತೆಗೆ ಆಡಲು ಆಗುವುದಾದರೆ ಜೊತೆಗೆ ಕೂತು ಉಣ್ಣಲು ಏಕಾಗದು ಎಂದು ತಂಡದವರನ್ನೇ ಕೇಳಿದರಂತೆ. ಲೋಕಮಾನ್ಯ ತಿಲಕರೂ ಬಾಲೂ ಅವರನ್ನು ಮೆಚ್ಚಿಕೊಂಡಿದ್ದರು.

1896ರ ಹೊತ್ತಿಗೆ ಬಾಲೂ ಮುಂಬಯಿಗೆ ಬಂದರು. ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾ ಅವರನ್ನು ಸೇರಿಸಿಕೊಂಡಿತು. ಇಲ್ಲಿಯೂ ಕೆಲವರ ಗೊಣಗಾಟ ಇತ್ತು. ಬಿ.ಬಿ. ಅಂಡ್ ಸಿ.ಐ. ರೈಲ್ವೆಯಲ್ಲಿ ನೌಕರಿ ಸಿಕ್ಕಿತು. ಅದರ ತಂಡದ ಪರವಾಗಿಯೂ ಆಡಿದರು.

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಮತ್ತು ಯುರೋಪಿಯನ್ ತಂಡಗಳ ನಡುವೆ ದೊಡ್ಡ ಪಂದ್ಯ ನಡೆಯಿತು. ಹಿಂದೂ ತಂಡ 242 ಮತ್ತು 160 ರನ್ ಮಾಡಿತು. ಯುರೋಪಿಯನ್ನರು 191 ಮತ್ತು 102ಕ್ಕೆ ಉರುಳಿದರು. 109 ರನ್‌ಗಳ ಈ ಗೆಲುವಿನಲ್ಲಿ ಬಾಲೂ ಅವರ ಪಾಲು ಎರಡೂ ಇನ್ನಿಂಗ್ಸ್‌ ಸೇರಿ 8 ವಿಕೆಟ್. ತಮ್ಮ ಶಿವರಾಮನೂ ಆ ತಂಡದಲ್ಲಿದ್ದ. ಇಷ್ಟರಲ್ಲಿ ಜಿಮ್ಖಾನಾದ ಊಟದ ಕೋಣೆಯೊಳಗೂ ಅಣ್ಣತಮ್ಮಂದಿರಿಗೆ ಪ್ರವೇಶ ಸಿಕ್ಕಿತ್ತು. ಮುಂಬಯಿಯ ಇಂಡಿಯನ್ ಸೋಶಿಯಲ್ ರಿಫಾರ್ಮರ್ ಪತ್ರಿಕೆ ಪಂದ್ಯದ ಗೆಲುವಿಗಿಂತ ಇದನ್ನೇ ದೊಡ್ಡದೆಂದು ಕಂಡು ಬರೆಯಿತು. ಪುಣೆಯ ಮಣ್ಣಿನ ಕುಡಿಕೆಯಿಂದ ಮುಂಬಯಿಯ ಊಟದ ಮೇಜಿಗೆ ಸುಮಾರು ಹತ್ತು ವರ್ಷದ ದಾರಿ. ಅದನ್ನು ಸವೆಸಿದ್ದು ಭಾಷಣಗಳಲ್ಲ, ವಿಕೆಟ್‌ಗಳು.

ಇನ್ನು 1911ರ ಬೇಸಿಗೆ. ಬಾಲೂ ಅವರ ಜೀವನದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಭಾಗ ಇದು.

ಭಾರತದ ಎಲ್ಲ ಸಮುದಾಯಗಳಿಂದ ಆಯ್ದ ಮೊದಲ ತಂಡ ಆ ವರ್ಷ ಇಂಗ್ಲೆಂಡಿಗೆ ಹೊರಟಿತು. ಪಾರಸಿಗಳು, ಹಿಂದೂಗಳು, ಮುಸಲ್ಮಾನರು ತಂಡದಲ್ಲಿದ್ದರು; ನಾಯಕ ಪಟಿಯಾಲದ ಸಿಖ್ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ಬೆಂಗಳೂರಿನ ಬಿ. ಜಯರಾಮ್ ಅವರೂ ಇದ್ದರು. ಬಾಲೂ, ಶಿವರಾಮ ಇಬ್ಬರೂ ಆಯ್ಕೆಯಾದರು. ಬಾಲೂ ಅವರಿಗೆ ಆಗ 35 ವರ್ಷ. ಬೌಲರ್ ಒಬ್ಬನಿಗೆ ಅದು ಇಳಿಹೊತ್ತು.

ತಂಡ ಕಾಗದದ ಮೇಲೆ ಕಂಡಷ್ಟು ಗಟ್ಟಿಯಾಗಿರಲಿಲ್ಲ. ರಣಜಿತ್‌ಸಿಂಹಜಿ ಆಡಲು ಒಪ್ಪಲಿಲ್ಲ. ನಾಯಕ ಮಹಾರಾಜರು ಕೆಲವು ಪಂದ್ಯ ಆಡಿ, ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ಸಂಭ್ರಮ ಮತ್ತು ಲಂಡನ್ನಿನ ಔತಣಗಳ ಕಡೆಗೆ ಹೊರಟುಹೋದರು. ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್ನರಲ್ಲಿ ಒಬ್ಬರಾದ ಕೇಕಿ ಮಿಸ್ತ್ರಿ ಮಹಾರಾಜರ ಕಾರ್ಯದರ್ಶಿ. ಆದುದರಿಂದ ಅವರೂ ಹೆಚ್ಚು ಆಡಲಿಲ್ಲ. ಉಳಿದವರಿಗೆ ಇಂಗ್ಲೆಂಡಿನ ಪಿಚ್‌ಗಳು ಹೊಸವು, ವಾರಕ್ಕೆ ಎರಡೆರಡು ಪಂದ್ಯ, ನಡುವೆ ರೈಲು ಪ್ರಯಾಣ. ಅದರ ಮೇಲೆ 1911ರ ಬೇಸಿಗೆ ಇಂಗ್ಲೆಂಡಿನಲ್ಲಿ ವಿಪರೀತ ಬಿಸಿ ಮತ್ತು ಒಣಹವೆಯದು. ಗಟ್ಟಿಯಾದ ಒಣ ಪಿಚ್ ಬ್ಯಾಟ್ಸ್‌ಮನ್‌ಗೆ ಹಬ್ಬ, ನಿಧಾನ ಬೌಲರನಿಗೆ ಶಿಕ್ಷೆ.

ಆರಂಭದಿಂದಲೇ ಸೋಲಿನ ಮೇಲೆ ಸೋಲು. ಅಂತಹ ತಂಡದ ಬೌಲರ್‌ನ ಕಷ್ಟ ಏನೆಂದರೆ, ತನ್ನವರು ಬೇಗ ಔಟಾದಷ್ಟೂ ಆತನಿಗೆ ವಿಶ್ರಾಂತಿ ಕಡಿಮೆ. ಬೆಳಿಗ್ಗೆ ತಂಡ ಉರುಳುತ್ತದೆ, ಮಧ್ಯಾಹ್ನ ಮತ್ತೆ ಚೆಂಡು ಕೈಗೆ ಬರುತ್ತದೆ. ಬಾಲೂ ಅವರ ಭುಜದಲ್ಲಿ ನೋವೂ ಇತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್‌ಗೆ 8 ವಿಕೆಟ್ ಪಡೆದರು. ಪ್ರಥಮ ದರ್ಜೆಯಲ್ಲಿ ಅವರ ಜೀವನದ ಅತ್ಯುತ್ತಮ ಸಾಧನೆ ಅದು. ಲಾರ್ಡ್ಸ್‌ನಲ್ಲಿ ಎಂ.ಸಿ.ಸಿ. ವಿರುದ್ಧವೂ 4 ವಿಕೆಟ್ ಕಿತ್ತರು. ತಂಡ ಎರಡೂ ಕಡೆ ಸೋತಿತು.

ಕೊನೆಗೆ ಲೆಸ್ಟರ್‌ಶೈರ್ ಕೌಂಟಿಯ ವಿರುದ್ಧ ಬಾಲೂ 11 ವಿಕೆಟ್ ಪಡೆದಾಗ ಗೆಲುವು ಸಿಕ್ಕಿತು. ಬಳಿಕ ಟಾಂಟನ್‌ನಲ್ಲಿ ಸಾಮರ್‌ಸೆಟ್ ವಿರುದ್ಧ ಒಂದೇ ವಿಕೆಟ್ ಉಳಿದಿರುವಾಗ ಇನ್ನೊಂದು. ಅಲ್ಲಿ ಔಟಾಗದೆ ನೂರು ದಾಟಿ ತಂಡವನ್ನು ದಡ ಮುಟ್ಟಿಸಿದ್ದು ತಮ್ಮ ಶಿವರಾಮ. ಪ್ರಥಮ ದರ್ಜೆ ಎಂದು ಲೆಕ್ಕಕ್ಕೆ ಬಂದ 14 ಪಂದ್ಯಗಳಲ್ಲಿ ಭಾರತ ತಂಡ ಗೆದ್ದದ್ದು ಈ ಎರಡನ್ನು ಮಾತ್ರ. ಹತ್ತು ಸೋಲು, ಎರಡು ಡ್ರಾ. ಎರಡು ಗೆಲುವಿನಲ್ಲೂ ಪಲ್ವಂಕರ್ ಮನೆಯ ಕೈ ಇತ್ತು.

ಪ್ರವಾಸದ ಎಲ್ಲ ಪಂದ್ಯಗಳನ್ನೂ ಸೇರಿಸಿದರೆ ಬಾಲೂ ಪಡೆದದ್ದು 114 ವಿಕೆಟ್, ಪ್ರತಿ ವಿಕೆಟ್‌ಗೆ 19ಕ್ಕೂ ಕಡಿಮೆ ರನ್. ಪ್ರಥಮ ದರ್ಜೆಯಲ್ಲಿ 75. ಇಡೀ ಜೀವನದಲ್ಲಿ ಅವರು ಆಡಿದ ಪ್ರಥಮ ದರ್ಜೆ ಪಂದ್ಯಗಳು ಕೇವಲ 33, ವಿಕೆಟ್ 179, ಸರಾಸರಿ 15.21. ಅಂದರೆ ಅವರ ವಿಕೆಟ್‌ಗಳಲ್ಲಿ ಹತ್ತರಲ್ಲಿ ನಾಲ್ಕು ಪಾಲು ಆ ಒಂದು ಬೇಸಿಗೆಯಲ್ಲಿ, ಸೋಲುತ್ತಿದ್ದ ತಂಡದಲ್ಲಿ ಬಂದವು. ಹದಿನೈದು ವರ್ಷಗಳಲ್ಲಿ 33 ಪಂದ್ಯ ಏಕೆಂದು ಕೇಳಬಹುದು. ಆಗ ಭಾರತದಲ್ಲಿ ದೊಡ್ಡ ಕ್ರಿಕೆಟ್ ಎಂದರೆ ಮುಂಬಯಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಒಂದೆರಡು ಪಂದ್ಯ, ಅಷ್ಟೇ.

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಅಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ಆ ಆಟದ ಒಂದು ವಿಚಿತ್ರ ನಿಯಮವೆಂದರೆ ತಂಡದ ಗೆಲುವು ಸೋಲುಗಳನ್ನು ಒಬ್ಬ ಪಿಚರ್‌ನ ಹೆಸರಿನ ಮುಂದೆ ಬರೆಯುವುದು. ಸೈ ಯಂಗ್ ಎಂಬವರ ಖಾತೆಯಲ್ಲಿ 511 ಗೆಲುವು, ಜೊತೆಗೆ 300ಕ್ಕೂ ಹೆಚ್ಚು ಸೋಲು; ಎರಡೂ ಅಲ್ಲಿನ ದಾಖಲೆಗಳೇ. ಅವರು ನಿವೃತ್ತರಾದದ್ದೂ 1911ರಲ್ಲೇ. ವಾಷಿಂಗ್ಟನ್ ತಂಡದ ವಾಲ್ಟರ್ ಜಾನ್ಸನ್ ಅಮೆರಿಕ ಕಂಡ ಶ್ರೇಷ್ಠ ಪಿಚರ್‌ಗಳಲ್ಲಿ ಒಬ್ಬರು. 1909ರಲ್ಲಿ ಅವರ ತಂಡ 110 ಪಂದ್ಯ ಸೋತಿತು, ಜಾನ್ಸನ್ ಅವರ ಹೆಸರಿಗೆ 13 ಗೆಲುವು, 25 ಸೋಲು ಬಿದ್ದಿತು. ಬೇರೆಯವರು ಬ್ಯಾಟು ಬೀಸದೆ ಹೋದದ್ದೂ ಅವರ ಲೆಕ್ಕಕ್ಕೆ. ಕ್ರಿಕೆಟ್ ಈ ವಿಷಯದಲ್ಲಿ ಸ್ವಲ್ಪ ದಯೆ ಉಳ್ಳದ್ದು. ಬೌಲರ್ ಪಡೆದ ವಿಕೆಟ್ ಬೌಲರನದೇ, ತಂಡ ಸೋತರೂ ಅದನ್ನು ಯಾರೂ ಕಸಿಯುವುದಿಲ್ಲ. ಹಾಗಾಗಿಯೇ ಇಂದು ಆ 114ರ ಲೆಕ್ಕ ನಮಗೆ ಸಿಗುತ್ತದೆ.

ಮುಂಬಯಿಗೆ ಮರಳಿದಾಗ ದಲಿತ ಸಮುದಾಯದವರು ಬಾಲೂ ಅವರಿಗೆ ಸನ್ಮಾನ ಏರ್ಪಡಿಸಿದರು. ಅಲ್ಲಿನ ಮಾನಪತ್ರವನ್ನು ಬರೆದವರು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ಆ ತಲೆಮಾರಿನ ದಲಿತ ಯುವಕರಿಗೆ ಬಾಲೂ ಒಬ್ಬ ವೀರ. ಶಾಲೆಯಲ್ಲಿ ಬೇರೆ ಕೂತು, ಬೇರೆ ನೀರು ಕುಡಿದು ಬೆಳೆದ ಹುಡುಗರು ತಮ್ಮವನೊಬ್ಬನ ಹೆಸರನ್ನು ಪತ್ರಿಕೆಯಲ್ಲಿ ಓದುತ್ತಿದ್ದರು.

ಆದರೂ ಒಂದು ಬಾಗಿಲು ತೆರೆಯಲಿಲ್ಲ. ಹಿಂದೂ ತಂಡದ ನಾಯಕತ್ವ. 1912ರಲ್ಲಿ ಮುಸ್ಲಿಮರ ತಂಡವೂ ಸೇರಿ ಪಂದ್ಯಾವಳಿ ಚತುಷ್ಕೋನವಾಯಿತು. ಹಿರಿತನದಲ್ಲಿ, ಸಾಧನೆಯಲ್ಲಿ ಬಾಲೂ ಅವರಿಗೆ ಸಮನಾದವರು ತಂಡದಲ್ಲಿ ಇರಲಿಲ್ಲ. ವರ್ಷ ವರ್ಷವೂ ಆಯ್ಕೆಗಾರರು ಬೇರೆಯವರನ್ನು ನಾಯಕರನ್ನಾಗಿ ಮಾಡಿದರು. 1913ರಲ್ಲಿ ನಾಯಕರಾದವರು ಎಂ.ಡಿ. ಪೈ. ಕರಾವಳಿಯವರಾದ ನಮಗೆ ಪರಿಚಿತವಾದ ಉಪನಾಮ. ತಮಗೆ ಏರ್ಪಡಿಸಿದ ಸನ್ಮಾನದಲ್ಲೇ ಅವರು, ಈ ಗೌರವ ನಿಜವಾಗಿ ಹಿರಿಯರಾದ ಬಾಲೂ ಅವರಿಗೆ ಸಲ್ಲಬೇಕಿತ್ತು ಎಂದು ಹೇಳಿದರು. ಹಾರ ಹಾಕಿಸಿಕೊಳ್ಳುವಾಗ ಇಂತಹ ಮಾತು ಆಡುವವರು ಕಡಿಮೆ. ಪೈಯವರನ್ನು ಇದಕ್ಕಾಗಿಯಾದರೂ ನೆನೆಯಬೇಕು.

1920ರಲ್ಲಿ ವಿಷಯ ಸ್ಫೋಟಗೊಂಡಿತು. ನಾಯಕ ಪೈ ಅಸ್ವಸ್ಥರಾದಾಗ ಆ ಸ್ಥಾನವನ್ನು ಬಾಲೂ ಅವರ ತಮ್ಮ ವಿಠ್ಠಲನಿಗೆ ಕೊಡದೆ ಬೇರೊಬ್ಬರಿಗೆ ಕೊಟ್ಟರು. ವಿಠ್ಠಲ ಮತ್ತು ಶಿವರಾಮ ತಂಡದಿಂದ ಹಿಂದೆ ಸರಿದು, ಕಾರಣ ಜಾತಿಯೇ ಎಂದು ಬಹಿರಂಗವಾಗಿ ಹೇಳಿಕೆ ಕೊಟ್ಟರು. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ಮಾತಾಡಲು ತೊಡಗಿದ್ದ ಕಾಲವದು, ಜನರ ಒಲವು ಅಣ್ಣತಮ್ಮಂದಿರ ಕಡೆಗಿತ್ತು. ಪೈ ಗುಣವಾಗಿ ಬಂದರು. ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಲಾಯಿತು, ತಮ್ಮಂದಿರೂ ಮರಳಿದರು. ಅಂತಿಮ ಪಂದ್ಯದಲ್ಲಿ ಪೈ ಸ್ವಲ್ಪ ಹೊತ್ತು ಮೈದಾನದಿಂದ ಹೊರಗೆ ಹೋದರು. ಆ ಸ್ವಲ್ಪ ಹೊತ್ತು ಹಿಂದೂ ತಂಡವನ್ನು ಬಾಲೂ ನಡೆಸಿದರು. ಅವರಿಗೆ ಸಿಕ್ಕ ನಾಯಕತ್ವ ಅಷ್ಟೇ. ಆ ವರ್ಷದ ನಂತರ ಅವರು ಆಡಲಿಲ್ಲ. 1923ರಲ್ಲಿ ವಿಠ್ಠಲ ನಾಯಕನಾದ, ಹಿಂದೂ ತಂಡ ಗೆದ್ದಿತು, ಜನ ಆತನನ್ನು ಹೆಗಲ ಮೇಲೆ ಹೊತ್ತರು.

ಮೈದಾನ ಬಿಟ್ಟ ಮೇಲೆ ಬಾಲೂ ಸಾರ್ವಜನಿಕ ಜೀವನಕ್ಕೆ ಬಂದರು. ಇಲ್ಲಿ ಅವರು ನಿಂತ ಪಕ್ಷದ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳಿವೆ. 1932ರಲ್ಲಿ ಬ್ರಿಟಿಷ್ ಪ್ರಧಾನಿ ಮ್ಯಾಕ್‌ಡೊನಾಲ್ಡ್ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿದರು. ಅಂಬೇಡ್ಕರ್ ಇದರ ಪರ. ಬಾಲೂ, ಮದರಾಸಿನ ಎಂ.ಸಿ. ರಾಜಾ ಅವರಂತೆ, ಜಂಟಿ ಮತಕ್ಷೇತ್ರದ ಪರ. ಗಾಂಧೀಜಿ ಯರವಡಾ ಜೈಲಿನಲ್ಲಿ ಸೆಪ್ಟೆಂಬರ್ 20ರಂದು ಉಪವಾಸ ಆರಂಭಿಸಿದರು, 24ರಂದು ಪೂನಾ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರ ಹೋಗಿ, ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ಬಂದವು. ಸಹಿ ಹಾಕಿದವರ ಪಟ್ಟಿಯಲ್ಲಿ ಬಾಲೂ ಹೆಸರೂ ಇದೆ. 1935ರಲ್ಲಿ ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಘೋಷಿಸಿದಾಗಲೂ ಬಾಲೂ ಒಪ್ಪಲಿಲ್ಲ. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದವರು ಹೀಗೇಕೆ ನಿಂತರು? ಅವರು ತಮ್ಮ ಕಣ್ಣಾರೆ ಒಂದು ಬಾಗಿಲು ಒಳಗಿನಿಂದ ಇಷ್ಟಿಷ್ಟೇ ತೆರೆದುಕೊಂಡದ್ದನ್ನು ಕಂಡಿದ್ದರು ಎಂದು ನನಗೆ ತೋರುತ್ತದೆ. ಹಾಗೆ ಇಷ್ಟಿಷ್ಟೇ ತೆರೆಯುವುದಕ್ಕಾಗಿ ಇಡೀ ಸಮುದಾಯ ಎಷ್ಟು ಕಾಲ ಹೊರಗೆ ನಿಲ್ಲಬೇಕು ಎಂಬ ಅಂಬೇಡ್ಕರ್ ಅವರ ಪ್ರಶ್ನೆಗೆ ಮಾತ್ರ ಬಾಲೂ ಅವರ ಅನುಭವದಲ್ಲಿ ಉತ್ತರ ಇರಲಿಲ್ಲ.

ಚುನಾವಣೆಗಳಲ್ಲಿ ಬಾಲೂ ಮತ್ತೆ ಸೋಲುವ ಕಡೆಯವರೇ ಆದರು. 1933ರಲ್ಲಿ ಹಿಂದೂ ಮಹಾಸಭೆಯ ಅಭ್ಯರ್ಥಿಯಾಗಿ ಮುಂಬಯಿ ನಗರಸಭೆಗೆ ನಿಂತು ಸೋತರು. 1937ರ ಪ್ರಾಂತೀಯ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ನಿಲ್ಲಿಸಿದ್ದು ಅಂಬೇಡ್ಕರ್ ಅವರ ಎದುರಿಗೇ. ಮಾನಪತ್ರ ಬರೆದವನು ಒಂದು ಕಡೆ, ಅದನ್ನು ಸ್ವೀಕರಿಸಿದವನು ಇನ್ನೊಂದು ಕಡೆ. ಅಂಬೇಡ್ಕರ್ ಅವರಿಗೆ 13,245 ಮತ, ಬಾಲೂ ಅವರಿಗೆ 11,225. ಅಂಬೇಡ್ಕರ್ ಅವರಂತಹವರ ಎದುರು ಎರಡು ಸಾವಿರ ಮತಗಳ ಅಂತರ ಎಂದರೆ ಬಾಲೂ ಅವರ ಹೆಸರಿಗೆ ಜನರಲ್ಲಿ ಇನ್ನೂ ಎಷ್ಟು ಬೆಲೆ ಇತ್ತೆಂದು ಊಹಿಸಬಹುದು. ಆದರೆ ಗೆದ್ದವರು ಅಂಬೇಡ್ಕರ್. ದೇಶದ ದೃಷ್ಟಿಯಿಂದ ಅದು ಒಳ್ಳೆಯದೇ ಆಯಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಬಾಲೂ ತಮ್ಮ ಬಗ್ಗೆ ತಾವೇ ಪುಸ್ತಕ ಬರೆದವರಲ್ಲ. ತಮ್ಮ ವಿಠ್ಠಲ 1948ರಲ್ಲಿ ಮರಾಠಿಯಲ್ಲಿ ಆತ್ಮಕಥೆ ಪ್ರಕಟಿಸಿದರು. ಅಣ್ಣನ ಬದುಕಿನ ಎಷ್ಟೋ ಸಂಗತಿಗಳು ಅದರಿಂದಲೇ ಉಳಿದುಕೊಂಡವು. ಗುಹಾ ಅವರು 2002ರಲ್ಲಿ ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಇತಿಹಾಸ ಬರೆದಾಗ ಆ ಪುಸ್ತಕ ಮತ್ತೆ ಬೆಳಕಿಗೆ ಬಂತು. ಮೋಟೆಬೆನ್ನೂರಿನ ಮಹಾದೇವಪ್ಪನವರ ಹೆಸರಿನಲ್ಲಿ 2018ರಲ್ಲಿ ಅಂಚೆ ಚೀಟಿ ಬಂತು, ಅವರ ಊರಿನ ಮಕ್ಕಳಿಗೆ ಅವರ ಹೆಸರು ಬಾಯಿಪಾಠ. ಬಾಲೂ ಅವರ ವಿಷಯದಲ್ಲಿ ಹಾಗಲ್ಲ. ಧಾರವಾಡ ಅವರು ಹುಟ್ಟಿದ ಊರು ಮಾತ್ರ, ಬೆಳೆದದ್ದು, ಬಾಳಿದ್ದು ಪುಣೆ ಮುಂಬಯಿಗಳಲ್ಲಿ. ನಮ್ಮವರೆಂದು ಗಟ್ಟಿಯಾಗಿ ಹೇಳಿಕೊಳ್ಳಲು ಹುಟ್ಟೂರಿನ ಒಂದು ಸಾಲು ಸಾಕಾಗದಿರಬಹುದು. ಆದರೂ ಕರ್ನಾಟಕದ ಸ್ಪಿನ್ ಬೌಲರ್‌ಗಳ ಪಟ್ಟಿ ಮಾಡುವಾಗ ಮೊದಲ ಸಾಲನ್ನು ಅವರಿಗಾಗಿ ಬಿಡಬೇಕೆಂದು ನನ್ನ ಅನಿಸಿಕೆ.

1932ರಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಲಾರ್ಡ್ಸ್‌ನಲ್ಲಿ ಆಡಿದಾಗ ಬಾಲೂ ಅವರಿಗೆ 56 ವರ್ಷ. 1955ರ ಜುಲೈ 4ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಸಾಂತಾಕ್ರೂಜ್‌ನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.